‘ಅಕ್ಕ, ಬ್ರೌಸರ್‌ಗೂ ಯಾರಾದ್ರೂ ದುಡ್ಡು ಕೊಡ್ತಾರಾ?’

ನಮ್ಮ ಮನೆಯ ಖರ್ಚಿನ ಪುಸ್ತಕ ಬರೆಯುವುದು ನಾನು, ಓದುವುದು ಅಮ್ಮ. ಕಳೆದ ಡಿಸೆಂಬರ್ ಪುಟದಲ್ಲಿ ಹಾಲು, ಪೇಪರ್, ಗ್ಯಾಸ್, ಮಾತ್ರೆಗಳ ಕೆಳಗೆ ‘ಬ್ರೌಸರ್ – 468’ ಎಂದು ಬರೆದಿದ್ದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, ‘‘ಗೀಸರ್ ಮತ್ತೆ ಕೆಟ್ಟಿತ್ತೇನೇ?’’ ಅಂದಳು.

ವಿಷಯ ಸಂಜೆಯೊಳಗೆ ಬೆಂಗಳೂರಿನ ತಮ್ಮನಿಗೆ ತಲುಪಿತು. ಅವನು ಸಾಫ್ಟ್‌ವೇರ್‌ನವನು. ಫೋನ್ ಮಾಡಿದವನೇ, ‘‘ಅಕ್ಕ, ಬ್ರೌಸರ್‌ಗೂ ಯಾರಾದ್ರೂ ದುಡ್ಡು ಕೊಡ್ತಾರಾ? ಅದೇನು ಕೊಂಡುಕೊಳ್ಳೋ ವಸ್ತುನಾ?’’ ಎಂದು ನಕ್ಕ. ‘‘ನೀನು ಟ್ಯಾಂಕರ್ ನೀರಿಗೆ ಕೊಡಲ್ವಾ?’’ ಅಂದೆ. ಸುಮ್ಮನಾದ. ಬೆಂಗಳೂರಿನವರ ಬಾಯಿ ಮುಚ್ಚಿಸುವುದಕ್ಕೆ ನೀರಿನ ಮಾತು ತೆಗೆದರೆ ಸಾಕು. ಆದರೆ ಅವನ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಕೂತುಬಿಟ್ಟಿತು. ನಾಲ್ಕು ತಿಂಗಳು ದುಡ್ಡು ಕಟ್ಟಿದ ಮೇಲೆ ಈಗ ಉತ್ತರ ಬರೆಯುತ್ತಿದ್ದೇನೆ.

ನಾನು ಕೊಂಡಿದ್ದು ಓರಿಯನ್ ಎಂಬ ಬ್ರೌಸರ್‌ನ, ಅಂದರೆ ಕ್ರೋಮ್ ಹಾಗೆ ಇಂಟರ್ನೆಟ್ ಪುಟ ತೆರೆಯುವ ತಂತ್ರಾಂಶದ, ಪ್ಲಸ್ ಚಂದಾ. ಮಾಡುವವರು ಅಮೆರಿಕದ ಕಾಗಿ ಎಂಬ ಸಣ್ಣ ಕಂಪನಿ. ಇವರ ಮುಖ್ಯ ವ್ಯಾಪಾರ ದುಡ್ಡು ಕೊಟ್ಟು ಬಳಸುವ ಸರ್ಚ್. ತಿಂಗಳಿಗೆ 5 ಡಾಲರ್ ಕೊಟ್ಟರೆ 300 ಹುಡುಕಾಟ, 10 ಡಾಲರ್ ಕೊಟ್ಟರೆ ಲೆಕ್ಕವಿಲ್ಲದಷ್ಟು. ಜಾಹೀರಾತು ಇಲ್ಲ. ಹೆಸರು ಕೇಳಿ ತಮ್ಮ ‘‘ಯಾರಿಗಾಗಿ, ಯಾತಕ್ಕಾಗಿ?’’ ಎಂದು ಅಣಕಿಸಿದ. ಈ ಓರಿಯನ್ ಹಲವು ವರ್ಷ ಪ್ರಯೋಗದ ಹಂತದಲ್ಲೇ ಇದ್ದು, 2025ರ ನವೆಂಬರ್‌ನಲ್ಲಿ ಮ್ಯಾಕ್‌ಗೆ 1.0, ಅಂದರೆ ಮೊದಲ ಪೂರ್ಣ ಆವೃತ್ತಿ, ಆಯಿತು. ಬ್ರೌಸರ್ ಬಿಟ್ಟಿಯೇ. ಪ್ಲಸ್ ಬೇಕಾದರೆ ತಿಂಗಳಿಗೆ 5 ಡಾಲರ್, ವರ್ಷಕ್ಕೆ 50, ಜೀವಮಾನಕ್ಕೆ 150. ಜೀವಮಾನ ಅಂದರೆ ಯಾರದ್ದು, ಕಂಪನಿಯದ್ದೋ ನನ್ನದೋ ಎಂದು ಯೋಚಿಸಿ ತಿಂಗಳ ಲೆಕ್ಕಕ್ಕೇ ಹೋದೆ.

ನನ್ನ ಪರಿಸ್ಥಿತಿ ಹೇಳದಿದ್ದರೆ ಈ ವಿಮರ್ಶೆಗೆ ಅರ್ಥವಿಲ್ಲ. ಮೈಸೂರಿನಲ್ಲಿ ಮನೆಯಿಂದಲೇ ಅನುವಾದ ಮಾಡುತ್ತೇನೆ. ಇಂಗ್ಲಿಷಿನಿಂದ ಕನ್ನಡಕ್ಕೆ. ಮಿಕ್ಸಿಯ ಕೈಪಿಡಿ, ಔಷಧಿಯ ಚೀಟಿ, ಸಬ್‌ಟೈಟಲ್, ಬ್ಯಾಂಕ್ ಆ್ಯಪ್‌ನ ಬಟನ್‌ಗಳು, ಏನು ಬಂದರೂ ಸರಿ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನಾನು ಬದುಕುವುದೇ ಬ್ರೌಸರ್‌ನೊಳಗೆ. ಅಲರ್ ನಿಘಂಟು ಒಂದು ಟ್ಯಾಬ್, ಭಾರತವಾಣಿ ಒಂದು ಟ್ಯಾಬ್, ಕನ್ನಡ ವಿಕಿಪೀಡಿಯ ಎರಡು ಮೂರು, ಗಿರಾಕಿಯ ದಾಖಲೆ, ಮೇಲ್, ಆಮೇಲೆ ಯಾವಾಗಲೋ ತೆರೆದು ಮರೆತ ಇಪ್ಪತ್ತು. ಸಾಮಾನ್ಯ ದಿನ ನಲವತ್ತು ಟ್ಯಾಬ್. ಲ್ಯಾಪ್‌ಟಾಪ್ 2020ರ ಎಂ1 ಮ್ಯಾಕ್‌ಬುಕ್ ಏರ್, 8 ಜಿಬಿ ಮೆಮೊರಿಯದ್ದು. ಚಿಕ್ಕ ಮನೆಯಲ್ಲಿ ಮದುವೆ ಮಾಡಿದ ಹಾಗೆ ಅದರ ಸ್ಥಿತಿ. ತಪ್ಪು ಮನೆಯದ್ದಲ್ಲ, ಅಷ್ಟು ಜನರನ್ನು ಕರೆದ ನನ್ನದು.

ಮೊದಲು ದುಡ್ಡು ಕಟ್ಟಿದ ಕಥೆ ಹೇಳುತ್ತೇನೆ. ಐದು ಡಾಲರ್ ದೊಡ್ಡ ಮೊತ್ತವಲ್ಲ, ಆದರೆ ನಮ್ಮೂರಿನಿಂದ ಅದನ್ನು ಅಲ್ಲಿಗೆ ಮುಟ್ಟಿಸುವುದು ಒಂದು ಸಾಹಸ. ಯುಪಿಐ ಅಭ್ಯಾಸವಾದ ಕೈ. ಸೊಪ್ಪಿನವಳಿಗೆ ಹತ್ತು ರೂಪಾಯಿ ಎರಡು ಸೆಕೆಂಡಿನಲ್ಲಿ ಹೋಗುತ್ತದೆ. ಇಲ್ಲಿ ಕಾರ್ಡೇ ಬೇಕು. ನನ್ನ ಡೆಬಿಟ್ ಕಾರ್ಡ್‌ನಲ್ಲಿ ವಿದೇಶದ ವ್ಯವಹಾರ ಮುಚ್ಚಿತ್ತು. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದೆ, ಮಿತಿ ಸಾವಿರ ರೂಪಾಯಿ ಇಟ್ಟೆ. ಒಟಿಪಿ ಬಂತು, ಹಾಕಿದೆ, ಚಕ್ರ ತಿರುಗಿತು, ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಮೂರನೇ ಸಲಕ್ಕೆ ಬ್ಯಾಂಕಿನವರೇ ನನ್ನ ಕಾರ್ಡ್ ತಡೆಹಿಡಿದರು. ಗ್ರಾಹಕ ಸೇವೆಯ ಹುಡುಗಿ ‘‘ಮೇಡಂ, ಇದು ಯಾವ ಖರೀದಿ?’’ ಎಂದು ಕೇಳಿದಳು. ‘‘ಬ್ರೌಸರ್’’ ಅಂದೆ. ಆ ಕಡೆ ಒಂದು ಕ್ಷಣ ಮೌನ. ‘‘ಮೇಡಂ, ಅದು ಫ್ರೀ ಇರುತ್ತಲ್ವಾ? ಯಾರಾದ್ರೂ ಫೋನ್ ಮಾಡಿ ನಿಮಗೆ ಕಟ್ಟೋಕೆ ಹೇಳಿದ್ರಾ?’’ ಪಾಪ, ನಾನು ಮೋಸಕ್ಕೆ ಸಿಕ್ಕಿದ್ದೇನೆ ಅಂದುಕೊಂಡಿದ್ದಳು. ನನಗೆ ಅವಳ ಮೇಲೆ ಪ್ರೀತಿಯೇ ಬಂತು.

ಕೊನೆಗೆ ಕ್ರೆಡಿಟ್ ಕಾರ್ಡ್‌ನಲ್ಲಿ ಆಯಿತು. ಡಾಲರ್ ಆಗ ತೊಂಬತ್ತು ರೂಪಾಯಿಯ ಆಸುಪಾಸು. ಐದಕ್ಕೆ ನಾನೂರೈವತ್ತು. ಅದರ ಮೇಲೆ ನನ್ನ ಕಾರ್ಡ್‌ನವರು ವಿದೇಶಿ ಹಣಕ್ಕೆ ಹಾಕುವ ಶೇ. 3.5, ಆ ಶುಲ್ಕದ ಮೇಲೆ ಜಿಎಸ್‌ಟಿ. ಎಲ್ಲ ಸೇರಿ 468 ರೂಪಾಯಿ ಚಿಲ್ಲರೆ. ನಮ್ಮ ಮನೆಗೆ ಬರುವ ದಿನಪತ್ರಿಕೆಯ ಬಿಲ್ಲಿಗಿಂತ ಜಾಸ್ತಿ. ಬೇರೆ ದೇಶದವರಿಗೆ ಐದು ಡಾಲರ್ ಒಂದು ಕಾಫಿ ಇರಬಹುದು. ನಮಗೆ ಅದು ವಾರವಿಡೀ ಕಾಫಿ, ಮಧ್ಯೆ ಎರಡು ದೋಸೆ. ಬೆಲೆಯ ಬಗ್ಗೆ ಇಂಗ್ಲಿಷಿನಲ್ಲಿ ಬರುವ ವಿಮರ್ಶೆ ಓದುವಾಗ ಇದು ನೆನಪಿರಲಿ.

ಬ್ರೌಸರ್‌ಗೆ ದುಡ್ಡು ಕೊಡುವುದು ಹೊಸ ಹುಚ್ಚೇನಲ್ಲ. 1990ರ ದಶಕದಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಮಾರುತ್ತಿತ್ತು, ಸುಮಾರು 49 ಡಾಲರ್‌ಗೆ. ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ವಿಂಡೋಸ್ ಜೊತೆ ಬಿಟ್ಟಿ ಕೊಟ್ಟಿತು. ಪಕ್ಕದಲ್ಲಿ ಅನ್ನದಾನ ನಡೆಯುತ್ತಿದ್ದರೆ ಹೋಟೆಲಿಗೆ ಯಾರು ಹೋಗುತ್ತಾರೆ? 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕೂಡ ಬಿಟ್ಟಿಯಾಯಿತು. ನಾರ್ವೆಯ ಒಪೆರಾ ಮಾತ್ರ ಇನ್ನಷ್ಟು ವರ್ಷ ಹಟ ಹಿಡಿದು ನಿಂತಿತು. ಮೇಲ್ಗಡೆ ಜಾಹೀರಾತಿನ ಪಟ್ಟಿ ಬೇಡವೆಂದರೆ 39 ಡಾಲರ್ ಕೊಡಿ ಎನ್ನುತ್ತಿತ್ತು. 2005ರ ಸೆಪ್ಟೆಂಬರ್‌ನಲ್ಲಿ ಅದೂ ಕೈಬಿಟ್ಟಿತು.

ಒಪೆರಾ ಎಂದರೆ ನನಗೆ ಬೇರೆಯೇ ನೆನಪು. 2010ರ ಹೊತ್ತಿಗೆ ನನ್ನ ಹತ್ತಿರ ನೋಕಿಯಾ ಫೋನ್ ಇತ್ತು, ಬಟನ್ನಿನದ್ದು. ಅದರಲ್ಲಿ ಒಪೆರಾ ಮಿನಿ. ಕನ್ನಡದ ಯಾವ ಪುಟ ತೆರೆದರೂ ಡಬ್ಬಿ, ಡಬ್ಬಿ, ಡಬ್ಬಿ. ಅಕ್ಷರದ ಜಾಗದಲ್ಲಿ ಖಾಲಿ ಚೌಕ. ಆಗ ಕನ್ನಡದ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದ ಒಂದು ಮಂತ್ರವಿತ್ತು. ವಿಳಾಸದ ಪಟ್ಟಿಯಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಟೈಪ್ ಮಾಡಬೇಕು. ಒಂದು ಪುಟ ತೆರೆಯುತ್ತದೆ. ಅದರ ಕೊನೆಯ ಕಡೆ, ಜಟಿಲ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂಬ ಪ್ರಶ್ನೆ. ಅಲ್ಲಿ ‘ಯೆಸ್’ ಎಂದು ಬದಲಿಸಿ ಸೇವ್ ಮಾಡಿದರೆ ಮುಗಿಯಿತು. ಒಪೆರಾದ ಸರ್ವರ್‌ನಲ್ಲಿ ಕನ್ನಡದ ಅಕ್ಷರಗಳನ್ನೆಲ್ಲ ಚಿತ್ರ ಮಾಡಿ ನಮ್ಮ ಫೋನಿಗೆ ಕಳಿಸುತ್ತಿದ್ದರು. ಮೊದಲ ಸಲ ಆ ಪುಟ್ಟ ಪರದೆಯಲ್ಲಿ ಒತ್ತಕ್ಷರ ಸರಿಯಾಗಿ ಕೂತಿದ್ದು ನೋಡಿ ಬಸ್ಸಿನಲ್ಲೇ ‘ಅಯ್ಯೋ’ ಅಂದಿದ್ದೆ. ಚಿತ್ರವಾದ್ದರಿಂದ ಡೇಟಾ ಜಾಸ್ತಿ ತಿನ್ನುತ್ತಿತ್ತು, ಕಾಪಿ ಮಾಡಲು ಬರುತ್ತಿರಲಿಲ್ಲ. ನಾನು ಓದಿದ ಪ್ರತಿ ಪುಟವೂ ಬೇರೆಯವರ ಕಂಪ್ಯೂಟರ್ ದಾಟಿಯೇ ಬರುತ್ತಿತ್ತು ಎಂಬುದು ಆಗ ತಲೆಗೇ ಹೋಗಿರಲಿಲ್ಲ. ಬಿಟ್ಟಿ ಸಿಕ್ಕಿತಲ್ಲ, ಕನ್ನಡ ಕಾಣಿಸಿತಲ್ಲ, ಅಷ್ಟೇ.

ಈಗಿನ ಬಿಟ್ಟಿಯ ಲೆಕ್ಕ ಸ್ವಲ್ಪ ಬೇರೆ. ಕ್ರೋಮ್ ಯಾಕೆ ಬಿಟ್ಟಿ ಎಂದರೆ ಅದು ಗೂಗಲ್‌ನ ಅಂಗಡಿಗೆ ಹೋಗುವ ರಸ್ತೆ. ರಸ್ತೆಗೆ ಟೋಲ್ ಹಾಕಿದರೆ ಅಂಗಡಿಗೆ ಜನ ಕಡಿಮೆ. ಬೇರೆಯವರ ರಸ್ತೆಗೂ ಅವರು ದುಡ್ಡು ಕೊಡುತ್ತಾರೆ. ಅಮೆರಿಕದ ಸರ್ಕಾರ ಗೂಗಲ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಇದರ ಅಂಕಿ ಹೊರಬಂತು. 2022ರಲ್ಲಿ ಸಫಾರಿಯಲ್ಲಿ ತನ್ನ ಸರ್ಚ್ ಇಡಿಸಲು ಆ್ಯಪಲ್‌ಗೆ ಕೊಟ್ಟದ್ದು ಸುಮಾರು 20 ಶತಕೋಟಿ ಡಾಲರ್. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಹಣಕಾಸು ಅಧಿಕಾರಿ ಅದೇ ನ್ಯಾಯಾಲಯದಲ್ಲಿ 2025ರಲ್ಲಿ ಹೇಳಿದ ಪ್ರಕಾರ, ಫೈರ್‌ಫಾಕ್ಸ್‌ನ ಆದಾಯದಲ್ಲಿ ಸುಮಾರು ಶೇ. 85 ಗೂಗಲ್ ಕೊಡುವ ಹಣ. ಅಂದರೆ ಗೂಗಲ್ ಬೇಡವೆಂದು ಫೈರ್‌ಫಾಕ್ಸ್‌ಗೆ ಹೋದವರ ಊಟಕ್ಕೂ ಅಕ್ಕಿ ಗೂಗಲ್ ಮನೆಯದೇ. ಯಾರನ್ನೂ ದೂರುತ್ತಿಲ್ಲ. ಆದರೆ ಬ್ರೌಸರ್‌ನ ಗಿರಾಕಿ ನಾನಲ್ಲ ಎಂಬುದು ಗೊತ್ತಾದ ಮೇಲೆ, ಒಂದು ಸಲವಾದರೂ ಗಿರಾಕಿಯಾಗಿ ನೋಡೋಣ ಅನ್ನಿಸಿತು. 468 ರೂಪಾಯಿಗೆ ನಾನು ಕೊಂಡಿದ್ದು ಆ ಆಸೆಯನ್ನು.

ಹೇಗಿತ್ತು ಬಳಕೆ? ಒಳ್ಳೆಯದರಿಂದ ಶುರು ಮಾಡುತ್ತೇನೆ.

ಓರಿಯನ್‌ನ ಒಳಗೆ ಪುಟಗಳನ್ನು ಪರದೆಗೆ ತರುವ ಎಂಜಿನ್ ವೆಬ್‌ಕಿಟ್, ಆ್ಯಪಲ್‌ನ ಸಫಾರಿಯದ್ದೇ. ಕ್ರೋಮ್, ಎಡ್ಜ್, ಬ್ರೇವ್, ವಿವಾಲ್ಡಿ ಎಲ್ಲ ಗೂಗಲ್‌ನ ಕ್ರೋಮಿಯಂ ಎಂಬ ಒಂದೇ ಹಿಟ್ಟಿನ ದೋಸೆಗಳು. ಇದು ಆ ಹಿಟ್ಟಲ್ಲ. ವೆಬ್‌ಕಿಟ್ ಆ್ಯಪಲ್‌ನವರೇ ತಮ್ಮ ಯಂತ್ರಕ್ಕೆಂದು ರುಬ್ಬಿದ್ದಾದ್ದರಿಂದ ಮ್ಯಾಕ್‌ನಲ್ಲಿ ಹಗುರವಾಗಿ ಓಡುತ್ತದೆ. ಬೆಳಗ್ಗೆ ಚಾರ್ಜರ್ ತೆಗೆದರೆ ಮಧ್ಯಾಹ್ನದ ಊಟದ ನಂತರವೂ ಬ್ಯಾಟರಿ ನೆನಪಾಗುವುದಿಲ್ಲ. ಬಳಕೆಯ ಮಾಹಿತಿಯನ್ನು ಕಂಪನಿಗೆ ಕಳಿಸುವ ಚಾಳಿ ಇಲ್ಲ ಎಂದು ಕಾಗಿಯವರು ಹೇಳುತ್ತಾರೆ, ಅದೇ ಅವರ ಮುಖ್ಯ ಜಂಬ.

ನನಗೆ ಇಷ್ಟವಾಗಿದ್ದು ಟ್ಯಾಬ್‌ಗಳ ವ್ಯವಸ್ಥೆ. ಟ್ಯಾಬ್‌ಗಳು ಎಡಗಡೆ ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಲ್ಲುತ್ತವೆ. ಒಂದು ಪುಟದಿಂದ ತೆರೆದದ್ದು ಅದರ ಕೆಳಗೆ, ಸ್ವಲ್ಪ ಒಳಗೆ ಸರಿದು, ವಂಶವೃಕ್ಷದ ಹಾಗೆ. ಅನುವಾದದವರಿಗೆ ಇದರ ಬೆಲೆ ಗೊತ್ತು. ಒಂದು ‘ವಾಲ್ವ್’ ಪದದ ಬೆನ್ನು ಹತ್ತಿ ಹೋದರೆ ನಿಘಂಟು, ಅಲ್ಲಿಂದ ಕೃಷಿ ಪಂಪಿನ ಕೈಪಿಡಿ, ಅಲ್ಲಿಂದ ಹೃದಯದ ಕವಾಟ, ಹೀಗೆ ಎಂಟು ಟ್ಯಾಬ್ ಮರಿ ಹಾಕಿರುತ್ತವೆ. ಪದ ಸಿಕ್ಕ ಮೇಲೆ ತಾಯಿಯನ್ನು ಮುಚ್ಚಿದರೆ ಸಂಸಾರವೇ ಖಾಲಿ. ಆದರೆ ಸತ್ಯ ಹೇಳಬೇಕು. ಇಂಥ ಟ್ಯಾಬ್ ಮರ ಫೈರ್‌ಫಾಕ್ಸ್‌ಗೂ ಎಕ್ಸ್‌ಟೆನ್ಶನ್, ಅಂದರೆ ಮೇಲಿಂದ ಹಾಕಿಕೊಳ್ಳುವ ಸೇರ್ಪಡೆಯ, ರೂಪದಲ್ಲಿ ವರ್ಷಗಳಿಂದ ಇದೆ. ಬಿಟ್ಟಿ.

ಪ್ರೊಫೈಲ್ ಇನ್ನೊಂದು. ಮನೆಗೆ ಒಂದು, ಕೆಲಸಕ್ಕೆ ಒಂದು ಓರಿಯನ್ ಮಾಡಿಕೊಂಡರೆ ಎರಡೂ ಕೆಳಗಿನ ಸಾಲಿನಲ್ಲಿ ಬೇರೆ ಬೇರೆ ಆ್ಯಪ್ ಹಾಗೆ ಕೂರುತ್ತವೆ. ಸಂಜೆ ಆರಕ್ಕೆ ಕೆಲಸದ್ದನ್ನು ಮುಚ್ಚಿದರೆ ಗಿರಾಕಿಗಳೆಲ್ಲ ಒಟ್ಟಿಗೆ ಮಾಯ. ಈ ಒಂದು ಅಭ್ಯಾಸದಿಂದ ನನ್ನ ರಾತ್ರಿಗಳು ಸುಧಾರಿಸಿವೆ ಎಂದರೆ ತಮ್ಮ ನಂಬುವುದಿಲ್ಲ.

ಜಾಹೀರಾತು ತಡೆ ಹುಟ್ಟಿನಿಂದಲೇ ಬಂದಿದೆ, ಬೇರೇನೂ ಹಾಕಬೇಕಿಲ್ಲ. ಕನ್ನಡದ ಸುದ್ದಿ ಪುಟಗಳನ್ನು ಇದರಲ್ಲಿ ಓದುವ ಸುಖವೇ ಬೇರೆ. ನಿಮಗೂ ಗೊತ್ತಿರುತ್ತದೆ. ಒಂದು ಪ್ಯಾರಾ ಸುದ್ದಿ, ಕೆಳಗೆ ಸಕ್ಕರೆ ಕಾಯಿಲೆಯ ಮದ್ದು, ಮತ್ತೆ ಒಂದು ಸಾಲು ಸುದ್ದಿ, ಮೇಲಿಂದ ಇಳಿದು ಬಂದು ತಾನೇ ಓಡುವ ವಿಡಿಯೊ, ಮುಚ್ಚುವ ಗುರುತನ್ನು ಒತ್ತಲು ಹೋದರೆ ಅದು ಸರಿದು ಜಾಹೀರಾತೇ ತೆರೆದುಕೊಳ್ಳುತ್ತದೆ. ಅವೆಲ್ಲ ಇಲ್ಲ. ಸುದ್ದಿ ಮಾತ್ರ, ನಾಲ್ಕು ಪ್ಯಾರಾ. ಇಲ್ಲಿ ಒಂದು ಮುಳ್ಳೂ ಇದೆ. ಆ ಸುದ್ದಿ ಬರೆದವರಿಗೆ ಸಂಬಳ ಬರುವುದು ಆ ಜಾಹೀರಾತಿನಿಂದಲೇ. ನಾನು ಅಮೆರಿಕದ ಕಂಪನಿಗೆ ತಿಂಗಳಿಗೆ 468 ಕೊಟ್ಟು ಕನ್ನಡದ ಪತ್ರಕರ್ತರ ಜೇಬಿಗೆ ಕತ್ತರಿ ಹಾಕುತ್ತಿದ್ದೇನೆಯೇ? ಈ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಮನೆಗೆ ಮುದ್ರಿತ ಪೇಪರ್ ತರಿಸುತ್ತೇನೆ ಎಂಬುದು ಒಂದು ಸಮಾಧಾನ. ನಾನು ದಿನವೂ ಓದುವ ಒಂದು ಪುಟಕ್ಕೆ ಮಾತ್ರ ತಡೆ ತೆಗೆದಿದ್ದೇನೆ.

ಇನ್ನು ಕಷ್ಟಗಳು. ಇವು ಬ್ರೌಸರ್‌ನ ತಪ್ಪಿಗಿಂತ ಜಾಸ್ತಿ ಲೋಕದ ತಪ್ಪು.

ನನಗೆ ಕೆಲಸ ಕೊಡುವ ಒಂದು ಏಜೆನ್ಸಿಯ ಅನುವಾದ ಮಾಡುವ ಪುಟವಿದೆ. ಓರಿಯನ್‌ನಲ್ಲಿ ತೆರೆದರೆ ‘ದಯವಿಟ್ಟು ಕ್ರೋಮ್ ಬಳಸಿ’ ಎಂದು ಒಂದೇ ಸಾಲು. ಒಳಗೆ ಬಿಡುವುದೇ ಇಲ್ಲ. ಬಾಗಿಲಲ್ಲಿ ನಿಂತು ಚಪ್ಪಲಿಯ ಬ್ರ್ಯಾಂಡ್ ಕೇಳಿದ ಹಾಗೆ. ಒಂದು ಇಲಾಖೆಯ ತಾಣದಲ್ಲಿ ಅರ್ಜಿ ತುಂಬುತ್ತಿದ್ದೆ. ಅಪ್ಪನ ಹೆಸರಿಗೆ ಸಂಬಂಧಪಟ್ಟ ಕಾಗದ. ಐದು ಪುಟ ತುಂಬಿ ಫೋಟೊ ಏರಿಸಿ ಕೊನೆಯ ಬಟನ್ ಒತ್ತಿದರೆ ಏನೂ ಆಗಲಿಲ್ಲ. ಆ ಬಟನ್ ಒಂದು ಪಾಪ್ಅಪ್ ತೆರೆಯಬೇಕಿತ್ತಂತೆ. ಇಡೀ ಅರ್ಜಿ ಮತ್ತೆ ಮೊದಲಿನಿಂದ. ಅದೇ ತಾಣದ ಬುಡದಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಚೆನ್ನಾಗಿ ಕಾಣುತ್ತದೆ’ ಎಂಬ ಸಾಲು ಇನ್ನೂ ಇದೆ. ಆ ಬ್ರೌಸರ್‌ಗೆ ಮೈಕ್ರೋಸಾಫ್ಟ್‌ನವರೇ 2022ರ ಜೂನ್‌ನಲ್ಲಿ ಎಳ್ಳು ನೀರು ಬಿಟ್ಟಾಗಿದೆ.

ಇಂಥ ಕಡೆಗೆಂದು ಓರಿಯನ್‌ನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಂಬ ಗುಂಡಿ ಇದೆ. ಒತ್ತಿದರೆ ಆ ತಾಣಕ್ಕೆ ಮಾತ್ರ ತಡೆಗಳನ್ನೆಲ್ಲ ತೆಗೆದು ಮಾಮೂಲಿ ಬ್ರೌಸರ್ ಹಾಗೆ ನಡೆದುಕೊಳ್ಳುತ್ತದೆ. ಅದನ್ನು ಮೊದಲೇ ಒತ್ತಬೇಕು ಎಂಬ ಬುದ್ಧಿ ನನಗೆ ಬಂದದ್ದು ಐದು ಪುಟ ಹೋದ ಮೇಲೆ. ಈಗ ನಿಯಮ ಮಾಡಿಕೊಂಡಿದ್ದೇನೆ: ಸರ್ಕಾರ, ಬ್ಯಾಂಕು, ಏಜೆನ್ಸಿ, ಈ ಮೂರಕ್ಕೂ ಕ್ರೋಮ್. ಹಿತ್ತಿಲ ಬಾಗಿಲಿನ ಹಾಗೆ ಅದು ಇರಲೇಬೇಕು. ದುಡ್ಡು ಕೊಟ್ಟ ಮೇಲೂ ಬಿಟ್ಟಿಯದ್ದನ್ನು ಬಿಡಲಾಗದು ಎಂಬುದೇ ಒಂದು ತೀರ್ಪು, ಅಲ್ವಾ?

ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರ ಎಕ್ಸ್‌ಟೆನ್ಶನ್‌ಗಳನ್ನೂ ಓರಿಯನ್‌ನಲ್ಲಿ ಹಾಕಬಹುದು, ಐಫೋನ್‌ನಲ್ಲಿ ಕೂಡ. ಇದು ನಿಜಕ್ಕೂ ದೊಡ್ಡ ಕಸರತ್ತು. ಆದರೆ ಎಲ್ಲವೂ ಪೂರ್ತಿ ಓಡುತ್ತವೆ ಎಂದು ಕಾಗಿಯವರೇ ಹೇಳುವುದಿಲ್ಲ. ನಿಮ್ಮ ಕೆಲಸ ಒಂದು ನಿರ್ದಿಷ್ಟ ಎಕ್ಸ್‌ಟೆನ್ಶನ್ ಮೇಲೆ ನಿಂತಿದ್ದರೆ ಮೊದಲು ಬಿಟ್ಟಿ ಆವೃತ್ತಿಯಲ್ಲಿ ಹಾಕಿ ನೋಡಿ.

ಕನ್ನಡದ ಮಾತಿಗೆ ಬರುತ್ತೇನೆ. ನನ್ನ ಕಣ್ಣಿಗೆ ಸಣ್ಣ ಕನ್ನಡ ಅಕ್ಷರ ಆಗಿಬರುವುದಿಲ್ಲ. ಇಂಗ್ಲಿಷಿಗೆ ಸರಿಯಾದ ಅಳತೆ ಕನ್ನಡಕ್ಕೆ ಸಾಲದು, ಒತ್ತಕ್ಷರಗಳು ಇರುವೆ ಹಾಗೆ ಕಾಣುತ್ತವೆ. ಫೈರ್‌ಫಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಫಾಂಟ್ ಎಂಬಲ್ಲಿಗೆ ಹೋದರೆ ಲಿಪಿಗಳ ಪಟ್ಟಿ ಇದೆ. ಅದರಲ್ಲಿ ಕನ್ನಡ ಆರಿಸಿ, ಕನ್ನಡಕ್ಕೇ ಬೇರೆ ಫಾಂಟ್, ಬೇರೆ ಗಾತ್ರ ಇಟ್ಟುಕೊಳ್ಳಬಹುದು. ಫೈರ್‌ಫಾಕ್ಸ್‌ನ ಮೆನುಗಳೇ ಕನ್ನಡದಲ್ಲಿ ಸಿಗುತ್ತವೆ. ಅದನ್ನು ಕನ್ನಡಕ್ಕೆ ತಂದವರಲ್ಲಿ ಸಂಜೆ ಹೊತ್ತು, ರಜೆಯ ದಿನ ಕೂತು ಮಾಡಿದ ಸ್ವಯಂಸೇವಕರಿದ್ದಾರೆ. ನಾನು ಅದೇ ಕಸುಬಿನವಳು, ಒಂದೊಂದು ಮೆನುವಿನ ಹಿಂದೆ ಎಷ್ಟು ತಲೆಕೆರೆತ ಇರುತ್ತದೆ ಎಂದು ಗೊತ್ತು. ನಾನು ದುಡ್ಡು ಕೊಟ್ಟಿದ್ದರಲ್ಲಿ ಕನ್ನಡಕ್ಕೆಂದೇ ಇರುವ ಇಂಥದ್ದು ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಹಾಗೆ ನೋಡಿದರೆ ನನ್ನ ಹೊಟ್ಟೆಪಾಡು ನಡೆಯುವುದೇ ಬಿಟ್ಟಿ ವಸ್ತುಗಳ ಮೇಲೆ. ಅಲರ್ ನಿಘಂಟನ್ನೇ ನೋಡಿ. ವಿ. ಕೃಷ್ಣ ಎಂಬುವರು ಸುಮಾರು ನಾಲ್ಕು ದಶಕ ಕಾಲ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷದಷ್ಟು ಪದ. 2019ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಜಾಹೀರಾತಿಲ್ಲ, ಲಾಗಿನ್ ಇಲ್ಲ. ಹಾಗಾಗಿ ‘ಬಿಟ್ಟಿ ಸಿಕ್ಕಿದರೆ ನೀವೇ ಸರಕು’ ಎಂದು ಯಾರಾದರೂ ಶುರು ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಛತ್ರದಲ್ಲಿ ಊಟ ಹಾಕುವುದೂ ಬಿಟ್ಟಿ, ಗಾಳದ ತುದಿಯ ಹುಳುವೂ ಬಿಟ್ಟಿ. ಎರಡನ್ನೂ ಒಂದೇ ತಟ್ಟೆಗೆ ಹಾಕಬಾರದು.

ಈಗ ಮುಖ್ಯ ವಿಷಯ. ಪ್ಲಸ್ ಅಂದರೆ ಏನು ಜಾಸ್ತಿ ಸಿಕ್ಕಿತು? ಪ್ರಾಮಾಣಿಕವಾಗಿ ಹೇಳಿದರೆ, ತುಂಬ ಕಡಿಮೆ. ಮೇಲೆ ಹೊಗಳಿದ ಟ್ಯಾಬ್ ಮರ, ಪ್ರೊಫೈಲ್, ಜಾಹೀರಾತು ತಡೆ, ಇವೆಲ್ಲ ಬಿಟ್ಟಿ ಓರಿಯನ್‌ನಲ್ಲೇ ಇವೆ. ದುಡ್ಡು ಕೊಟ್ಟವರಿಗೆ ಒಂದಷ್ಟು ಅಲಂಕಾರ, ಹೊಸ ಪ್ರಯೋಗಗಳನ್ನು ಮೊದಲು ನೋಡುವ ಅವಕಾಶ, ಇಂಥವು. ನಾನು ಆ ಅಲಂಕಾರವನ್ನು ಒಂದು ದಿನ ನೋಡಿ ಮರೆತೆ. ಇದು ಟಿಕೆಟ್ ಅಲ್ಲ, ಹುಂಡಿ. ದೇವಸ್ಥಾನ ಎಲ್ಲರಿಗೂ ತೆರೆದಿದೆ, ನಡೆಯಬೇಕಾದರೆ ಯಾರಾದರೂ ಹಾಕಬೇಕು. ಕಾಗಿಯವರೂ ಇದನ್ನು ಮುಚ್ಚಿಟ್ಟಿಲ್ಲ, ಬಳಸುವವರು ಕೊಟ್ಟರೆ ಮಾತ್ರ ಈ ಬ್ರೌಸರ್ ನಡೆಯುತ್ತದೆ ಎಂದೇ ಹೇಳುತ್ತಾರೆ.

ಬೇರೆ ದುಬಾರಿ ಬ್ರೌಸರ್‌ಗಳ ಕಡೆಗೂ ಒಂದು ಸಲ ಕಣ್ಣು ಹಾಯಿಸಿದೆ. 2025ರಲ್ಲಿ ಎಐ ಬ್ರೌಸರ್‌ಗಳ ಜಾತ್ರೆಯೇ ನಡೆಯಿತು. ಪರ್ಪ್ಲೆಕ್ಸಿಟಿ ಎಂಬ ಎಐ ಕಂಪನಿಯ ಬ್ರೌಸರ್ ಕಾಮೆಟ್ ಜುಲೈನಲ್ಲಿ ಬಂದಾಗ ತಿಂಗಳಿಗೆ 200 ಡಾಲರ್ ಕಟ್ಟುವವರಿಗೆ ಮೊದಲ ಪಂಕ್ತಿ. ಅಕ್ಟೋಬರ್‌ಗೆ ಎಲ್ಲರಿಗೂ ಬಿಟ್ಟಿ. ಮೂರೇ ತಿಂಗಳು! ಮೊದಲ ದಿನ ಮೊದಲ ಆಟಕ್ಕೆ ಬ್ಲಾಕ್‌ನಲ್ಲಿ ಟಿಕೆಟ್ ಕೊಂಡವರ ಪಾಡು. ಡಿಯಾ ಎಂಬ ಇನ್ನೊಂದು, ತಿಂಗಳಿಗೆ 20 ಡಾಲರ್‌ನ ಪ್ರೊ ಚಂದಾ ಇಟ್ಟಿತು. ಅದನ್ನು ಮಾಡಿದ ಕಂಪನಿಯನ್ನು ಅಟ್ಲಾಸಿಯನ್ ಎಂಬ ಸಾಫ್ಟ್‌ವೇರ್ ಕಂಪನಿ 61 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಪುಟವನ್ನು ನನ್ನ ಬದಲು ಓದಿ ಸಾರಾಂಶ ಹೇಳುವ ಬ್ರೌಸರ್ ನನಗೆ ಬೇಡ. ಓದುವುದಕ್ಕೇ ನನಗೆ ಸಂಬಳ.

ಹಾಗಾದರೆ ಆ ಹುಂಡಿಯ ದುಡ್ಡನ್ನು ಫೈರ್‌ಫಾಕ್ಸ್‌ಗೇ ಹಾಕಬಹುದಲ್ಲ ಅನ್ನಿಸಿತು. ಕನ್ನಡಕ್ಕೆ ಹತ್ತಿರ, ಅನಿವಾರ್ಯವಾಗಿ ಗೂಗಲ್ ಹಣದ ಮೇಲೆ ನಿಂತಿದೆ, ಕೈಲಾದಷ್ಟು ಕೊಡೋಣ. ಇಲ್ಲೊಂದು ತಮಾಷೆ ಇದೆ. ಕೊಡಲು ಆಗುವುದಿಲ್ಲ! ಮೊಜಿಲ್ಲಾ ಫೌಂಡೇಶನ್‌ಗೆ ದೇಣಿಗೆ ಕೊಡಬಹುದು, ಆದರೆ ಆ ಹಣ ಫೌಂಡೇಶನ್‌ನ ಬೇರೆ ಕೆಲಸಗಳಿಗೆ. ಫೈರ್‌ಫಾಕ್ಸ್ ಮಾಡುವುದು ಅದರ ಕೈಕೆಳಗಿನ ಕಾರ್ಪೊರೇಶನ್, ದೇಣಿಗೆ ಅಲ್ಲಿಗೆ ಹೋಗುವುದಿಲ್ಲ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶಕ್ಕೆ ನೇರ ಕೊಡಬಹುದು, ಅದು ಅದರಿಂದಲೇ ನಡೆಯುತ್ತಿದೆ. ಬ್ರೌಸರ್‌ಗೆ ಮಾತ್ರ ಇಲ್ಲ. ದುಡ್ಡು ಹಿಡಿದು ನಿಂತರೂ ತೆಗೆದುಕೊಳ್ಳದ ಅಂಗಡಿ ಇದೊಂದೇ ನಾನು ನೋಡಿದ್ದು.

ಹಾಗಾಗಿ ನನ್ನ ತೀರ್ಪು ಇಷ್ಟು. ಓರಿಯನ್ 1.0 ಬಂದಿದ್ದು ಮ್ಯಾಕ್‌ಗೆ, ಆದ್ದರಿಂದ ವಿಂಡೋಸ್ ಅಥವಾ ಆಂಡ್ರಾಯ್ಡ್ ಬಳಸುವವರಿಗೆ ಈ ಪ್ರಶ್ನೆಯೇ ಇಲ್ಲ. ಫೈರ್‌ಫಾಕ್ಸ್ ಹಾಕಿ, ಅದರ ಮೇಲೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಹಾಕಿ, ಹತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಇದರ ಲೈಟ್ ಆವೃತ್ತಿ ಮಾತ್ರ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿಯದ್ದೇ ಇದೆ. ಮ್ಯಾಕ್ ಅಥವಾ ಐಫೋನ್ ಇದ್ದು, ದಿನವಿಡೀ ಬ್ರೌಸರ್‌ನಲ್ಲೇ ಇರುವವರು ಓರಿಯನ್ ಹಾಕಿಕೊಳ್ಳಿ, ಬಿಟ್ಟಿಯದ್ದೇ. ಇಷ್ಟವಾಗಿ, ವಿದೇಶಿ ಚಂದಾ ಕೈಗೆ ಭಾರ ಅನ್ನಿಸದಿದ್ದರೆ ವರ್ಷದ್ದು ಕಟ್ಟಿ. ತಿಂಗಳದ್ದು ಬೇಡ, ಪ್ರತಿ ಸಲ ಆ ಮೊತ್ತ ಕಣ್ಣಿಗೆ ಚುಚ್ಚುತ್ತದೆ. ಸೌಲಭ್ಯಕ್ಕೆಂದು ಕಟ್ಟಿದರೆ ಬೇಸರವಾಗುತ್ತದೆ.

ನಾನು ಮಾರ್ಚ್ ಕಂತಿನ ನಂತರ ನಿಲ್ಲಿಸಿದೆ. ಒಟ್ಟು 1,870 ರೂಪಾಯಿಯ ಹತ್ತಿರ ಹೋಯಿತು. ಓರಿಯನ್ ಇನ್ನೂ ಬಳಸುತ್ತಿದ್ದೇನೆ, ಬಿಟ್ಟಿಯಾಗಿ. ಸ್ವಲ್ಪ ಸಂಕೋಚವಿದೆ. ಡಿಸೆಂಬರ್‌ನಲ್ಲಿ ಒಂದು ದೊಡ್ಡ ಕೆಲಸದ ಹಣ ಬರುವುದಿದೆ, ಆಗ ನೋಡೋಣ.

ಯುಗಾದಿಗೆ ತಮ್ಮ ಬಂದಿದ್ದ. ಒಬ್ಬಟ್ಟು ತಿಂದು ಮಲಗುವ ಮೊದಲು ಅವನ ಕೈಯಿಂದ ಒಂದು ಕೆಲಸ ಮಾಡಿಸಿದೆ. ಅಮ್ಮನ ಆಂಡ್ರಾಯ್ಡ್ ಫೋನಿಗೆ ಫೈರ್‌ಫಾಕ್ಸ್, ಅದಕ್ಕೆ ಯುಬ್ಲಾಕ್. ಕ್ರೋಮ್ ತೆಗೆಯಲಿಲ್ಲ. ಅಮ್ಮ ತನ್ನ ಮಾತ್ರೆಗಳ ಬಗ್ಗೆ ಇಂಗ್ಲಿಷ್ ಪುಟಗಳನ್ನು ಅದರಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಓದುತ್ತಾಳೆ. ಆ ಅನುವಾದ ನೋಡಿ ನಾನು ಹಲ್ಲು ಕಡಿಯುತ್ತೇನೆ, ಅವಳಿಗೆ ಅರ್ಥವಾಗುತ್ತದೆ. ಅಡುಗೆ ಮತ್ತು ರಾಶಿಫಲದ ಪುಟಗಳನ್ನು ಮಾತ್ರ ಹೊಸದಕ್ಕೆ ಬದಲಿಸಿದೆವು.

ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತ ಅಮ್ಮ ಫೋನನ್ನು ಮೇಲೆ ಕೆಳಗೆ ಸರಿಸಿ ಸರಿಸಿ ನೋಡುತ್ತಿದ್ದಳು.

‘‘ಏನಮ್ಮಾ, ಚೆನ್ನಾಗಿದ್ಯಾ?’’ ಅಂದ ತಮ್ಮ.

‘‘ಬೇಗ ಓಪನ್ ಆಗತ್ತೆ ಕಣೋ. ಆದ್ರೆ ಆ ರೇಷ್ಮೆ ಸೀರೆದು ಬರ್ತಿತ್ತಲ್ಲ, ನೇರಳೆ ಬಣ್ಣದ್ದು, ಅದೆಲ್ಲೋಯ್ತು? ಅಂಗಡಿ ಹೆಸರು ಬರ್ಕೋಬೇಕಿತ್ತು.’’